ಎದುರು ಕೂತವರು

ಚಟ್ಟ ಕಟ್ಟುತ್ತಿದ್ದ ನೋಣಯ್ಯನ ಕೈಯಿಂದ ಹಗ್ಗ ಕಿತ್ತುಕೊಂಡು ಸಂಕಪ್ಪ ಹೆಗ್ಡೆಯವರು, "ಇದೆಂತ ಗಂಟು ಮಾರಾಯ? ಇದರಲ್ಲಿ ಕರು ಸಹ ನಿಲ್ಲಲಿಕ್ಕಿಲ್ಲ," ಎಂದರು. ಬಂಟ್ವಾಳ ಪೇಟೆಯಲ್ಲಿ ಯಾರು ಸತ್ತರೂ ಚಟ್ಟ ಕಟ್ಟುವವನು ನೋಣಯ್ಯನೇ. ಅವನ ಗಂಟು ಬಿಚ್ಚಿ ಹೆಣ ಕೆಳಗೆ ಬಿತ್ತೆಂದು ಈವರೆಗೆ ಯಾರೂ ದೂರು ಹೇಳಿದ್ದಿಲ್ಲ, ಹೆಣವಂತೂ ಹೇಳುವುದಿಲ್ಲ. ಅವನು ಪಕ್ಕಕ್ಕೆ ಸರಿದು ಬೀಡಿ ಹಚ್ಚಿದ. ಹೆಗ್ಡೆಯವರು ಅಂಗಿಯ ತೋಳು ಮಡಚಿ, ಮಂಡಿಯೂರಿ ಕೂತು, ಹಗ್ಗವನ್ನು ಬಿದಿರಿಗೆ ಸುತ್ತಿ, ಹಲ್ಲು ಕಚ್ಚಿ ಎಳೆದರು. ಗಂಟು ಬಿತ್ತು. ಎದ್ದು ಕೈ ಕೊಡವಿ, ಕೆಲಸ ಎಂದರೆ ಹೀಗೆ ಎಂಬಂತೆ ಸುತ್ತ ನೋಡಿ ಜಗಲಿಯ ಕಡೆ ನಡೆದರು. ಅವರು ಬೆನ್ನು ತಿರುಗಿಸಿದ್ದೇ ತಡ, ನೋಣಯ್ಯ ಬೀಡಿಯನ್ನು ಬಾಯಿಯ ಇನ್ನೊಂದು ಮೂಲೆಗೆ ದೂಡಿ, ಆ ಗಂಟು ಬಿಚ್ಚಿ ಮೊದಲಿನಿಂದ ಕಟ್ಟತೊಡಗಿದ.

ಅಂಗಳದಲ್ಲಿದ್ದವರೆಲ್ಲ ಇದನ್ನು ಕಂಡರು. ಹೆಗ್ಡೆಯವರು ಮಾತ್ರ ಕಾಣಲಿಲ್ಲ. ಅವರ ಕಣ್ಣು ಆಗಲೇ ಜಗಲಿಯಲ್ಲಿ ಸೇರಿದ ಜನರ ಮೇಲೆ ಹರಿದಾಡುತ್ತಿತ್ತು. ಹೆಣ ಎತ್ತುವುದರೊಳಗೆ ಅವರಿಗೆ ಒಬ್ಬ ಪಾರ್ಟ್ನರ್ ಸಿಗಬೇಕಾಗಿತ್ತು.

ನಿನ್ನೆ ಸಂಜೆಯವರೆಗೆ ಅವರ ಪಾರ್ಟ್ನರ್ ಆಗಿದ್ದವರು ಈಗ ಒಳಗೆ ಚಾವಡಿಯಲ್ಲಿ ದಕ್ಷಿಣಕ್ಕೆ ತಲೆ ಹಾಕಿ ಮಲಗಿದ್ದರು. ರಮಾನಾಥ ಆಳ್ವ, ಸಬ್ ರಿಜಿಸ್ಟ್ರಾರ್ ಕಚೇರಿಯ ನಿವೃತ್ತ ಹೆಡ್ ಕ್ಲಾರ್ಕು. ಕ್ಲಬ್ಬಿಗೆ ಹೊರಡಲೆಂದು ಅಂಗಿ ತೊಟ್ಟು, ಕಾಫಿ ಕುಡಿಯುತ್ತ ಕೂತಲ್ಲೇ ಎದೆ ಹಿಡಿದುಕೊಂಡು ವಾಲಿದರಂತೆ. ಸುದ್ದಿ ಬಂದಾಗ ಹೆಗ್ಡೆಯವರು ಕ್ಲಬ್ಬಿನಲ್ಲಿ ಇಸ್ಪೀಟಿನ ಎಲೆ ಕಲಸಿಕೊಂಡು ಕಾಯುತ್ತಿದ್ದರು. ಬರುವ ಆದಿತ್ಯವಾರ ಮೂಡುಬಿದಿರೆಯಲ್ಲಿ ಮೂರೂರ ಕಪ್ಪಿನ ಬ್ರಿಜ್ ಪಂದ್ಯ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಆಟಗಾರರು ವರ್ಷಕ್ಕೊಮ್ಮೆ ಸೇರುವ ಆಟ. ಆ ಆಟ ಇಷ್ಟು ಹತ್ತಿರ ಇರುವಾಗ ಸಾಯುವುದೆಂದರೆ! ಈ ಮನುಷ್ಯನಿಗೆ ಬದುಕಿರುವಾಗಲೂ ಯಾವುದಕ್ಕೆ ಯಾವ ಹೊತ್ತು ಎಂಬ ಲೆಕ್ಕ ಗೊತ್ತಿರಲಿಲ್ಲ, ಸಾಯುವಾಗಲೂ ಗೊತ್ತಾಗಲಿಲ್ಲ ಎಂದು ಹೆಗ್ಡೆಯವರಿಗೆ ನಿನ್ನೆಯಿಂದ ಸಿಟ್ಟು.

ಬ್ರಿಜ್ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ನಾಲ್ವರ ಆಟ. ಎದುರುಬದುರು ಕೂತ ಇಬ್ಬರು ಒಂದು ಕಡೆ. ಕೈಯಲ್ಲಿರುವ ಎಲೆಯನ್ನು ಪಾರ್ಟ್ನರಿಗೆ ತೋರಿಸುವಂತಿಲ್ಲ, ಕಣ್ಣು ಮಿಟುಕಿಸುವಂತಿಲ್ಲ. ನನ್ನಲ್ಲಿ ಇಷ್ಟು ಬಲ ಉಂಟು ಎಂಬುದನ್ನು ಕೂಗಿನಲ್ಲೇ ತಿಳಿಸಬೇಕು. ಎಕ್ಕಕ್ಕೆ ನಾಲ್ಕು ಪಾಯಿಂಟು, ರಾಜನಿಗೆ ಮೂರು, ಹೀಗೆ ಎಣಿಸಿ, ಇಷ್ಟು ಪಾಯಿಂಟಿಗೆ ಇಂಥ ಕೂಗು ಎಂದು ಇಬ್ಬರೂ ಮೊದಲೇ ಕರಾರು ಮಾಡಿಕೊಳ್ಳುತ್ತಾರೆ. ನಾಲ್ವರೂ ಒಂದೊಂದು ಎಲೆ ಇಳಿಸಿದರೆ ಒಂದು ಟ್ರಿಕ್ಕು. ಕೂಗಿದಷ್ಟು ಟ್ರಿಕ್ಕು ಗೆಲ್ಲದಿದ್ದರೆ ಇಬ್ಬರೂ ಮುಳುಗಿದ ಹಾಗೆ. ಎಷ್ಟು ದೊಡ್ಡ ಆಟಗಾರನಾದರೂ ಎದುರು ಕುರ್ಚಿಯಲ್ಲಿ ಒಬ್ಬ ಇಲ್ಲದಿದ್ದರೆ ಮನೆಗೆ ಹೋಗಬೇಕಾದದ್ದೇ.

ಮನೆಗೆ ಹೋಗುವುದೇ ಹೆಗ್ಡೆಯವರಿಗೆ ಬೇಡವಾಗಿತ್ತು. ಬೆಳ್ತಂಗಡಿಯಲ್ಲಿ ಅವರದು ಹೆಸರಾದ ಗುತ್ತಿನ ಮನೆ, ಅವರೇ ಯಜಮಾನರು. ಆದರೆ ಗದ್ದೆ ನೋಡುವವನು ತಂಗಿಯ ಮಗ, ಆಳುಗಳು ಕೇಳುವುದು ಅವನ ಮಾತು, ಕೀಲಿಕೈ ತಂಗಿಯ ಸೊಂಟದಲ್ಲಿ. ಊಟಕ್ಕೆ ಏಳಿ ಎಂಬುದರ ಹೊರತು ಅಲ್ಲಿ ಯಾರೂ ಅವರೊಡನೆ ಮಾತು ಬೆಳೆಸುತ್ತಿರಲಿಲ್ಲ. ವಾರಕ್ಕೆರಡು ಸಲ ಬಸ್ಸು ಹತ್ತಿ ಬಂಟ್ವಾಳಕ್ಕೆ ಬಂದು ಆ ಮೇಜಿಗೆ ಕೂತರೆ ಮಾತ್ರ, ಅವರು ಬಾಯಿ ತೆರೆದೊಡನೆ ಮೂರು ಜನ ತಲೆ ಎತ್ತುತ್ತಿದ್ದರು. ಆ ಮೇಜೂ ತಪ್ಪಿದರೆ ಉಳಿಯುವುದು ಮನೆಯ ಆರಾಮ ಕುರ್ಚಿ ಒಂದೇ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಆದ್ದರಿಂದ ಸಾವಿನ ಮನೆ ಎಂದು ನೋಡದೆ ಒಬ್ಬೊಬ್ಬರನ್ನೇ ಹಿಡಿದರು. ಪೇಟೆಯ ವಕೀಲರು ತಮಗೆ ದೀಪದ ಬೆಳಕಿನಲ್ಲಿ ಕಣ್ಣು ಹಿಡಿಯುವುದಿಲ್ಲ ಎಂದರು. ಪಂದ್ಯ ಹಗಲಿನಲ್ಲಿ ಎಂದು ಹೆಗ್ಡೆಯವರು ನೆನಪಿಸಿದಾಗ, ಹಗಲಿನಲ್ಲೂ ಅಷ್ಟಕ್ಕಷ್ಟೆ ಎಂದರು. ಸೊಸೈಟಿಯ ಮ್ಯಾನೇಜರಿಗೆ ಅದೇ ಆದಿತ್ಯವಾರ ಪೊಳಲಿಯ ದೇವಸ್ಥಾನದಲ್ಲಿ ಹರಕೆ ಇತ್ತು. ಹೋದ ವರ್ಷದ ಪಂದ್ಯದ ದಿನವೂ ಆ ಮನುಷ್ಯನಿಗೆ ಹರಕೆಯೇ ಇದ್ದದ್ದು. ಅಂಜುಬುರುಕರು, ದೊಡ್ಡ ಆಟ ಎಂದರೆ ಪಂಚೆ ಒದ್ದೆಯಾಗುವ ಜಾತಿ ಎಂದು ಹೆಗ್ಡೆಯವರು ತೀರ್ಮಾನಿಸಿದರು. ಸಂಜೆಯೊಳಗೆ ಜೋಡಿಯ ಹೆಸರು ಮೂಡುಬಿದಿರೆಗೆ ತಿಳಿಸದಿದ್ದರೆ ಈ ವರ್ಷ ಆಟವಿಲ್ಲ.

ಮೂರನೆಯವರು ಬದ್ರುದ್ದೀನ್ ಸಾಹೇಬರು. ಪೇಟೆಯ ಮರದ ವ್ಯಾಪಾರಿ, ಒಳ್ಳೆಯ ಆಟಗಾರ, ಮೆದು ಮಾತಿನವರು. ತನಗೆ ಈಗಾಗಲೇ ಜೋಡಿ ಉಂಟೆಂದು ಅವರು ನೆಲ ನೋಡುತ್ತ ಹೇಳಿ, ಮಾತು ಬದಲಿಸಲೆಂದೋ ಏನೋ, ಸೌದೆ ನಿನ್ನೆಯೇ ಹೊಳೆಯ ಬದಿಗೆ ಹೋಗಿ ಆಗಿದೆ ಎಂದರು.

ಹೆಗ್ಡೆಯವರು ಹುಬ್ಬು ಗಂಟಿಕ್ಕಿದರು. ಸೌದೆಯ ಚಿಂತೆ ಯಾರಿಗೂ ಬೇಡ, ತಮ್ಮ ಜಾಗದ ಮಾವಿನ ಮರ ಕಡಿಸಿ ಲಾರಿಯಲ್ಲಿ ತರಿಸುತ್ತೇನೆ ಎಂದು ನಿನ್ನೆ ಇದೇ ಅಂಗಳದಲ್ಲಿ ಎದೆ ತಟ್ಟಿ ಹೇಳಿದವರು ಅವರು. ಕೊನೆಯ ಬಸ್ಸಿನ ಕಂಡಕ್ಟರನ ಹತ್ತಿರ ಅಳಿಯನಿಗೆ, ಅದೇ ತಂಗಿಯ ಮಗನಿಗೆ, ಮಾತು ಹೇಳಿ ಕಳಿಸಿಯೂ ಇದ್ದರು. ಅಳಿಯ ಆ ಮಾತು ಕೇಳಿ ಮಗ್ಗುಲು ಬದಲಿಸಿ ಮಲಗಿರಬಹುದೆಂಬುದು ಬೇರೆ ವಿಷಯ.

"ನಾನು ತರಿಸ್ತೇನೆ ಅಂತ ಹೇಳಿದ್ದೆನಲ್ಲ, ಸಾಹೇಬರೇ?"

"ಹೌದು, ಹೇಳಿದ್ದಿರಿ," ಎಂದರು ಬದ್ರುದ್ದೀನ್ ಸಾಹೇಬರು ಬಹಳ ಮರ್ಯಾದೆಯಿಂದ. "ನೀಲಾವತಿಯಕ್ಕ ನಿನ್ನೆಯೇ ನನ್ನಲ್ಲಿಗೆ ಜನ ಕಳಿಸಿದ್ದರು."

ಗಂಡ ಸತ್ತ ಮನೆಯಲ್ಲಿ ಹೆಂಡತಿಯೇ ಸೌದೆಯ ವಿಚಾರಕ್ಕೆ ಬಾಯಿ ಹಾಕುವುದೆಂದರೆ ಎಂಥ ಕಾಲ ಬಂತು, ಕೊಟ್ಟ ಮಾತಿಗೆ ಬೆಲೆಯೇ ಇಲ್ಲವಾಯಿತು ಎಂದು ಹೆಗ್ಡೆಯವರು ಗೊಣಗಿದರು. ಒಳಗೊಳಗೆ, ಸದ್ಯ ಲಾರಿಯ ಗೊಡವೆ ತಪ್ಪಿತಲ್ಲ ಎಂದು ಸಮಾಧಾನವೂ ಆಯಿತು.

*

ಬಂಟ್ವಾಳದ ಕ್ಲಬ್ಬು ಎಂದರೆ ಸೋಡಾ ಅಂಗಡಿಯ ಮಾಳಿಗೆಯ ಒಂದು ಕೋಣೆ. ಐವತ್ತೆರಡನೇ ಇಸವಿಯಲ್ಲಿ ಅದು ಶುರುವಾದಾಗ ಹೆಗ್ಡೆಯವರಿಗೆ ಪಾರ್ಟ್ನರ್ ಆಗಿದ್ದವರು ಮುನ್ಸಿಫರು. ಅವರು ಬೇಗನೆ ವರ್ಗವಾಗಿ ಹೋದರು. ವರ್ಗ ಸರಕಾರ ಮಾಡಿದ್ದಲ್ಲ, ಹೆಗ್ಡೆಯವರ ಎದುರು ಕೂರಲಾರದೆ ಮುನ್ಸಿಫರೇ ಬೇಡಿ ಪಡೆದದ್ದು ಎಂದು ಕ್ಲಬ್ಬಿನಲ್ಲಿ ತಮಾಷೆ. ಆಮೇಲೆ ಕೂತವರೂ ಒಂದೆರಡು ತಿಂಗಳಲ್ಲಿ ಸೊಂಟ ನೋವು, ಮಗಳ ಮದುವೆ ಎಂದು ಎದ್ದು ಹೋದರು. ಕೊನೆಗೆ ಕೂತವರು ಆಳ್ವರು. ಕೂತವರು ಹನ್ನೆರಡು ವರ್ಷ ಏಳಲಿಲ್ಲ.

ಆಳ್ವರನ್ನು ನೋಡಿದರೆ ಯಾರಿಗೂ ಭಯ ಹುಟ್ಟುವಂತಿರಲಿಲ್ಲ. ಸಪೂರ ಆಳು, ಬಿಸಿಲಿರಲಿ ಮಳೆಯಿರಲಿ ಕಂಕುಳಲ್ಲಿ ಕೊಡೆ, ಕಿವಿಗೆ ನೂಲು ಕಟ್ಟಿದ ಕನ್ನಡಕ. ಕಚೇರಿಯಲ್ಲಿ ಯಾವ ಪತ್ರ ನೋಂದಣಿಗೆ ಬಂದರೂ ಕೊಟ್ಟವರು, ತೆಗೆದುಕೊಂಡವರು ಇಬ್ಬರನ್ನೂ ಬೆಂಚಿನಲ್ಲಿ ಕೂರಿಸಿ, ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿಯೇ ಹೆಬ್ಬೆಟ್ಟು ಒತ್ತಿಸುತ್ತಿದ್ದರು. ಬೇರೆ ಕ್ಲಾರ್ಕುಗಳು ಬೀಡಿ ಸೇದಿ ಮುಗಿಸುವುದರೊಳಗೆ ಹತ್ತು ಪತ್ರ ದಾಟಿಸಿದರೆ ಇವರದು ಎರಡೂ ಆಗುತ್ತಿರಲಿಲ್ಲ. ನರಪೇತಲ ಎಂಬುದು ಹೆಗ್ಡೆಯವರು ಮೊದಲ ದಿನವೇ ಇಟ್ಟ ಹೆಸರು.

ಹೆಗ್ಡೆಯವರ ಕೂಗು ಯಾವಾಗಲೂ ಸೂರಿಗೆ ಮುಟ್ಟುವ ಕೂಗು. ಕೈಯಲ್ಲಿ ಎರಡು ಚಿತ್ರದ ಎಲೆ ಕಂಡರೆ ಅವರ ಮೀಸೆ ನೆಟ್ಟಗಾಗುತ್ತಿತ್ತು. ಆಳ್ವರು ಅದಕ್ಕೆ ಸರಿಯಾಗಿ ಏರುವುದು ಬಿಟ್ಟು, ಕನ್ನಡಕ ಸರಿಮಾಡಿಕೊಂಡು, "ಪಾಸ್" ಎನ್ನುತ್ತಿದ್ದರು. ಹೆಗ್ಡೆಯವರು ಎಲೆ ಬಿಸಾಡಿ ಬಯ್ಯುತ್ತಿದ್ದರು. ಹೆದರುಪುಕ್ಕಲ, ಗುಮಾಸ್ತ ಬುದ್ಧಿ, ಮೊಸರನ್ನಕ್ಕೂ ಊದಿ ಉಣ್ಣುವವನು. ಸೋಡಾ ಅಂಗಡಿಯವನಿಗೆ ಕೆಳಗೆ ಕೇಳುವಷ್ಟು ಗಟ್ಟಿಯಾಗಿ ಬಯ್ಯುತ್ತಿದ್ದರು. ಆಳ್ವರು ಎಲೆ ಒಟ್ಟುಮಾಡಿ, ಕಲಸಿ, ಮುಂದಿನ ಆಟಕ್ಕೆ ಹಂಚುತ್ತಿದ್ದರು.

ಅರವತ್ತೊಂದರಲ್ಲಿ ಕಪ್ಪು ಈ ಜೋಡಿಗೇ ಬಂತು. ಕೊನೆಯ ಆಟದಲ್ಲಿ ಹೆಗ್ಡೆಯವರು ಒಮ್ಮೆಲೇ ನಾಲ್ಕು ಆಟೀನಿಗೆ ಹಾರಿದ್ದರು. ಇಲ್ಲಿಂದ ಆರಕ್ಕೆ ಹೋಗುವ, ಹದಿಮೂರರಲ್ಲಿ ಹನ್ನೆರಡು ಟ್ರಿಕ್ಕು ನಮ್ಮದೇ ಎಂದು ಕರೆಯುವ ಕೂಗು ಅದು. ಆಳ್ವರ ಕೈಯಲ್ಲಿ ಎರಡು ಎಕ್ಕ ಇದ್ದವು. ಬೇರೆ ಯಾರಾದರೂ ಕಣ್ಣು ಮುಚ್ಚಿ ಆರು ಎನ್ನುತ್ತಿದ್ದರು. ಆಳ್ವರು ಪಾಸ್ ಎಂದರು. ಕೂಗಿದ್ದಕ್ಕೆ ಆರು ಸೇರಿಸುವುದು ಲೆಕ್ಕ, ನಾಲ್ಕಕ್ಕೆ ಬೇಕಾದದ್ದು ಹತ್ತು ಟ್ರಿಕ್ಕು. ಬಂದದ್ದೂ ಹತ್ತೇ. ಕಪ್ಪು ಸಿಕ್ಕಿತು. ಆದರೆ ಹೆಗ್ಡೆಯವರು ಆ ದಿನದಿಂದ ಹೋದಲ್ಲೆಲ್ಲ ಹೇಳಿಕೊಂಡು ತಿರುಗಿದ್ದು, ಹನ್ನೆರಡು ಸಿಗುತ್ತಿತ್ತು, ಆ ಪುಕ್ಕಲ ಪಾಸ್ ಹೇಳಿದ ಬೇಸರದಲ್ಲಿ ಮನಸ್ಸಿಟ್ಟು ಆಡಲಿಲ್ಲ ಎಂದು. ಉಳಿದ ಎರಡು ಎಕ್ಕ ಹೆಗ್ಡೆಯವರ ಕೈಯಲ್ಲಿ ಇರಲಿಲ್ಲ. ಹಾಗಾದರೆ ಎಲ್ಲಿದ್ದವು ಎಂದು ತಿಳಿಯಲು ಬ್ರಿಜ್ ಕಲಿಯಬೇಕೆಂದೇನೂ ಇಲ್ಲ.

ಅವರಿಗೆ ಇನ್ನೂ ಅಸಹ್ಯವಾಗುತ್ತಿದ್ದುದು ಆಳ್ವರ ಮತ್ತೊಂದು ಚಾಳಿ. ಪಂದ್ಯದ ದಿನ ಆಟ ಶುರುವಾಗುವ ಮೊದಲು ಆ ಮನುಷ್ಯ ಕೊಡೆ ಮೂಲೆಗಿಟ್ಟು, ಮೇಜಿನಿಂದ ಮೇಜಿಗೆ ಹೋಗಿ, ಎದುರಾಳಿಗಳ ಮುಂದೆ ಬಗ್ಗಿ ಏನೋ ಪಿಸುಗುಟ್ಟಿ ಕೈಮುಗಿದು ಬರುತ್ತಿದ್ದರು. ಗುಮಾಸ್ತನಿಗೆ ದೊಡ್ಡವರನ್ನು ಕಂಡರೆ ಬಾಲ ಅಲ್ಲಾಡಿಸದೆ ಆಗುವುದಿಲ್ಲ ಎಂದು ಹೆಗ್ಡೆಯವರು ಮುಖ ತಿರುಗಿಸಿ ಕೂರುತ್ತಿದ್ದರು.

*

ಮುಂಡಾಜೆಯಿಂದ ಆಳ್ವರ ಸೋದರಳಿಯ ಬರಬೇಕಾಗಿತ್ತು. ಅಳಿಯಸಂತಾನದ ಮನೆ, ಬೆಂಕಿ ಇಡಬೇಕಾದವನು ಅವನೇ ಆದ್ದರಿಂದ ಎಲ್ಲರೂ ಬಸ್ಸಿನ ದಾರಿ ಕಾಯುತ್ತಿದ್ದರು. ಅಂಗಳದ ಮೂಲೆಯಲ್ಲಿ ಸೇಸಮ್ಮ ಎಂಬ ಮುದುಕಿ, ತನ್ನ ಅಡಮಾನದ ಪತ್ರವನ್ನು ಈ ಪುಣ್ಯಾತ್ಮ ಎರಡೆರಡು ಸಲ ಓದಿ ಹೇಳಿದ್ದು, ತನಗೆ ಅರ್ಥವಾಗದ್ದು ಕಂಡು ಮೂರನೆಯ ಸಲವೂ ಓದಿದ್ದು ಎಂದು ಸೆರಗಿನಲ್ಲಿ ಮೂಗು ಒರೆಸುತ್ತಿದ್ದಳು. ಅವಳಂತೆ ಇನ್ನೂ ಹಲವರು. ಅಬ್ಬಾ, ಓದಿ ಹೇಳಿದ್ದಕ್ಕೆ ಇಷ್ಟು ಕಣ್ಣೀರಾದರೆ ಏನಾದರೂ ಮಾಡಿ ತೋರಿಸಿದ್ದರೆ ಹೊಳೆಯೇ ಉಕ್ಕುತ್ತಿತ್ತು ಎಂದುಕೊಂಡರು ಹೆಗ್ಡೆಯವರು.

ಅಷ್ಟರಲ್ಲಿ ಅವರ ಅದೃಷ್ಟ ತೆರೆಯಿತು. ಸರಕಾರಿ ಆಸ್ಪತ್ರೆಗೆ ಹೊಸದಾಗಿ ಬಂದ ಡಾಕ್ಟರ್ ಚನಿಯಪ್ಪ ನೀಲಾವತಿಯಮ್ಮನವರ ನಾಡಿ ನೋಡಿ ಹೊರಗೆ ಬಂದರು. ಸುಳ್ಯದ ಕಡೆಯವರು, ವೈದ್ಯಕೀಯ ಕಾಲೇಜಿನ ಹಾಸ್ಟೆಲಿನಲ್ಲಿ ಬ್ರಿಜ್ ಕಲಿತವರು ಎಂದು ಹೆಗ್ಡೆಯವರಿಗೆ ಗೊತ್ತಿತ್ತು. ಈ ಊರಿನ ಸುದ್ದಿ ಯಾವುದೂ ಇನ್ನೂ ಅವರ ಕಿವಿಗೆ ಬಿದ್ದಿರಲಿಲ್ಲ. ಹೆಗ್ಡೆಯವರು ಅವರನ್ನು ತುಳಸಿಕಟ್ಟೆಯ ಬದಿಗೆ ಕರೆದುಕೊಂಡು ಹೋಗಿ, ಎರಡು ನಿಟ್ಟುಸಿರು ಬಿಟ್ಟು, ಆಳ್ವರ ಆತ್ಮಕ್ಕೆ ಶಾಂತಿ ಸಿಗಬೇಕಾದರೆ ಈ ವರ್ಷದ ಆಟ ನಿಲ್ಲಬಾರದು ಎಂದರು. ಡಾಕ್ಟರು ಒಳ್ಳೆಯ ಮನಸ್ಸಿನವರು. ಕೂಡಲೇ ಒಪ್ಪಿದರು.

ಹೆಗ್ಡೆಯವರ ಎದೆ ಹಗುರಾಯಿತು. ಒಂದು ನೋ ಟ್ರಂಪ್ ಕೂಗಿದರೆ ಹದಿನಾರರಿಂದ ಹದಿನೆಂಟು ಪಾಯಿಂಟು ಉಂಟು ಎಂದರ್ಥ, ಒಂದು ಚುಕ್ಕಿ ಕಡಿಮೆ ಇದ್ದರೂ ತಾನು ಕೂಗುವವನಲ್ಲ, ತನ್ನ ಕೂಗನ್ನು ಕಣ್ಣು ಮುಚ್ಚಿ ನಂಬಬಹುದು ಎಂದು ಅಲ್ಲಿಯೇ ಕರಾರು ಹೇಳಿ ಮುಗಿಸಿದರು. ಡಾಕ್ಟರು ಭಕ್ತಿಯಿಂದ ಕೇಳಿಕೊಂಡು, ಯಾರೋ ಕರೆದರೆಂದು ಒಳಗೆ ಹೋದರು. ನರಪೇತಲ ಹೋದದ್ದು ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತು, ಈ ಸಲ ಆರು ಎಂದರೆ ಆರೇ ಎಂದು ಹೆಗ್ಡೆಯವರಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಅವರಿಗೆ ನಾಚಿಕೆಯೇನೂ ಆಗಲಿಲ್ಲ.

ಮೂಡುಬಿದಿರೆಯ ಕ್ಲಬ್ಬಿನ ಕಾರ್ಯದರ್ಶಿ ಆದಿರಾಜ ಬಲ್ಲಾಳರು ಆಗ ತಾನೇ ಬಾಡಿಗೆ ಕಾರಿನಿಂದ ಇಳಿದು, ಒಳಗೆ ಹೋಗಿ ಕೈಮುಗಿದು, ಕಣ್ಣೊರೆಸಿಕೊಂಡು ಜಗಲಿಗೆ ಬಂದು ಬದ್ರುದ್ದೀನ್ ಸಾಹೇಬರ ಪಕ್ಕದಲ್ಲಿ ಕೂತಿದ್ದರು. ಹೆಗ್ಡೆಯವರು ಹೋಗಿ, ತಾನೂ ಡಾಕ್ಟರೂ ಜೋಡಿ, ಹೆಸರು ಹಾಕಿಕೊಳ್ಳಿ ಎಂದರು. ಬಲ್ಲಾಳರು ಆಗಲಿ ಎಂದರು. ಅಷ್ಟು ಹೇಳಿ ಸುಮ್ಮನಿದ್ದರೆ ಆ ದಿನ ಹಾಗೆಯೇ ಮುಗಿಯುತ್ತಿತ್ತು. ಆದರೆ ಸಾವಿನ ಮನೆಯಲ್ಲಿ ಸತ್ತವರ ಬಗ್ಗೆ ನಾಲ್ಕು ಒಳ್ಳೆಯ ಮಾತಾಡುವುದು ಕ್ರಮ, ಬಲ್ಲಾಳರು ಕ್ರಮ ತಪ್ಪುವವರಲ್ಲ.

"ಅಂಥ ಪ್ರಾಮಾಣಿಕರನ್ನು ನಾನು ಕಾಣಲಿಲ್ಲ, ಹೆಗ್ಡೆರೇ. ಪ್ರತಿ ವರ್ಷ ಒಂದೊಂದು ಮೇಜಿಗೂ ಬಂದು ಹೇಳಿ ಹೋಗ್ತಿದ್ದರು. ಬೇರೆ ಯಾರು ಹೇಳ್ತಾರೆ?"

"ಎಂತ ಹೇಳ್ತಿದ್ದರು?"

ಹೆಗ್ಡೆಯವರು ತಮಾಷೆ ಮಾಡುತ್ತಿದ್ದಾರೆಂದು ಬಲ್ಲಾಳರು ತಿಳಿದರು. "ಅದೇ, ನಿಮ್ಮ ಒಳಗಿನ ಕರಾರು. ಹೆಗ್ಡೆಯವರು ಹದಿನಾರು ಅಂತ ಕೂಗಿದರೆ ನಾನು ಹದಿಮೂರು ಅಂತ ಹಿಡ್ಕೊಳ್ತೇನೆ, ನಿಮಗೂ ಅದು ಗೊತ್ತಿರಲಿ ಅಂತ. ಮೂರು ಕಳೆದು ಲೆಕ್ಕ ಹಾಕ್ಬೇಕು ಅಂತ. ಎರಡು ಕಡೆಯವರಿಗೂ ಗೊತ್ತಿಲ್ಲದ ಕರಾರು ಕರಾರಲ್ಲ ಅಂತ ಅವರದ್ದೊಂದು ಮಾತು ಉಂಟಲ್ಲ."

ಆಟದ ನಿಯಮವೂ ಅದೇ. ಪಾರ್ಟ್ನರುಗಳು ತಮ್ಮೊಳಗೆ ಏನು ಗೊತ್ತುಮಾಡಿಕೊಂಡರೂ ಎದುರಾಳಿಗಳಿಂದ ಮುಚ್ಚಿಡುವಂತಿಲ್ಲ, ಮುಚ್ಚಿಟ್ಟರೆ ಅದು ಕಳ್ಳಾಟ. ಇದು ಹೆಗ್ಡೆಯವರಿಗೂ ತಿಳಿದದ್ದೇ. ಅವರು ಬದ್ರುದ್ದೀನ್ ಸಾಹೇಬರ ಕಡೆ ತಿರುಗಿದರು. ಸಾಹೇಬರು ತಮ್ಮ ಚಪ್ಪಲಿಯ ಬಾರನ್ನು ಬಹಳ ಗಮನದಿಂದ ನೋಡುತ್ತಿದ್ದರು.

"ನಿಮಗೂ ಹೇಳಿದ್ದರಾ?"

"ಹೇಳಿದ್ದರು. ವರ್ಷಕ್ಕೊಮ್ಮೆ ನೆನಪು ಮಾಡ್ತಿದ್ದರು, ನಾವು ಮರೆತರೆ ನಮಗೆ ಅನ್ಯಾಯ ಆಗ್ತದೆ ಅಂತ."

ಜಗಲಿಯಲ್ಲಿ ಕೂತ ವಕೀಲರಿಗೆ ಒಮ್ಮೆಲೇ ಕೆಮ್ಮು ಬಂತು. ಹರಕೆಯ ಮ್ಯಾನೇಜರು ಎದ್ದು ನೀರು ಕುಡಿಯಲು ಹೋದರು. ಹೆಗ್ಡೆಯವರು ಒಂದೊಂದು ಮುಖವನ್ನೂ ನೋಡಿದರು. ಹನ್ನೆರಡು ವರ್ಷ, ಮೂರು ಊರು, ಅಷ್ಟೂ ಮೇಜು! ಅವರು ಮೀಸೆ ತಿರುವಿ ಕೂಗಿದಾಗಲೆಲ್ಲ ಸುತ್ತ ಕೂತ ಮೂವರೂ ಗಂಭೀರವಾಗಿ ತಲೆ ಎತ್ತಿ, ಮನಸ್ಸಿನಲ್ಲೇ ಮೂರು ಕಳೆ ಮೂರು ಕಳೆ ಎಂದು ಎಣಿಸುತ್ತಿದ್ದರು. ಬಲ್ಲಾಳರಿಗೆ ಈಗ ತಾನು ಆಡಿದ ಮಾತಿನ ತೂಕ ಗೊತ್ತಾಯಿತು. ನಿಮಗೆ ತಿಳಿದದ್ದೇ ಎಂದು ನಾವೆಲ್ಲ ಅಂದುಕೊಂಡಿದ್ದೆವು ಎಂದು ತೊದಲಿದರು. ಹೆಗ್ಡೆಯವರಿಗೆ ಮೈಯೆಲ್ಲ ಉರಿಯಿತು. ಇಷ್ಟು ಜನರ ಮುಂದೆ ಪಂಚೆ ಬಿಚ್ಚಿ ನಿಲ್ಲಿಸಿದ್ದರೂ ಅಷ್ಟು ಅವಮಾನ ಆಗುತ್ತಿರಲಿಲ್ಲ. ನರಪೇತಲನಲ್ಲ, ವಿಶ್ವಾಸಘಾತುಕ ಎಂದುಕೊಂಡು ಸೀದಾ ಒಳಗೆ ನುಗ್ಗಿದರು.

ಒಳಗೆ, ಮುಂಡಾಜೆಯ ಅಳಿಯ ಬಂದಾಗಿತ್ತು. ಜನ ಸಾಲಾಗಿ ಬಂದು ತುಳಸಿಯೆಲೆಯಲ್ಲಿ ನೀರು ತೆಗೆದು ಆಳ್ವರ ತುಟಿಗೆ ಬಿಡುತ್ತಿದ್ದರು. ತಲೆಯ ಹತ್ತಿರ ನೀಲಾವತಿಯಮ್ಮ ಕೂತಿದ್ದರು, ಅವರ ಬೆನ್ನ ಹಿಂದೆ, ಪೊಳಲಿಗೆ ಮದುವೆ ಮಾಡಿ ಕೊಟ್ಟ ಮಗಳು ಕಾಂತಿ. ಹೆಗ್ಡೆಯವರು ಸಾಲು ತಪ್ಪಿಸಿ ಮುಂದೆ ಹೋಗಿ ಕುಕ್ಕರುಗಾಲಿನಲ್ಲಿ ಕೂತರು. ಕೈಯಲ್ಲಿ ತುಳಸಿಯೆಲೆ ಹಿಡಿದುಕೊಂಡೇ, ಆಳ್ವರು ಊರಿಗೆಲ್ಲ ತನ್ನ ಮಾನ ಹಂಚಿದ್ದು ಹೌದಾ ಎಂದು ಕೇಳಿದರು. ತಗ್ಗಿದ ದನಿಯಲ್ಲಿ ಕೇಳಿದೆನೆಂದು ಅವರು ಅಂದುಕೊಂಡಿದ್ದರು. ಚಾವಡಿಗೆಲ್ಲ ಕೇಳಿಸಿತು.

ನೀಲಾವತಿಯಮ್ಮ ಮುಖ ಎತ್ತಿದರು. ಅತ್ತು ಅತ್ತು ಕಣ್ಣು ಬತ್ತಿತ್ತು. ಕೋಪವೇನೂ ಕಾಣಲಿಲ್ಲ.

"ಹೌದು, ಸಂಕಪ್ಪಣ್ಣ. ಆದರೆ ನಿಮಗೆ ಹೇಳದೆ ಊರವರಿಗೆ ಹೇಳುವವರಲ್ಲ ಅವರು. ಮೊದಲು ನಿಮಗೇ ಹೇಳಿದ್ದು. ಆಗಬಹುದು ಅಂತ ನೀವೇ ಒಪ್ಪಿದ್ದಿರಂತೆ."

"ನಾನಾ?"

"ನೀವೇ. ನೀವು ಬಯ್ಯುವುದು ಪೇಟೆಯವರ ಬಾಯಲ್ಲಿ ಕೇಳಿ ನನಗೆ ಬೇಜಾರಾಗ್ತಿತ್ತು. ಯಾಕೆ ಹೋಗಿ ಅವರ ಎದುರು ಕೂತ್ಕೊಳ್ತೀರಿ ಅಂತ ಒಮ್ಮೆ ಕೇಳಿದೆ. ಯಾರಾದರೂ ಒಬ್ಬರು ಕೂತ್ಕೊಳ್ಳಬೇಕಲ್ಲ ಮಾರಾಯ್ತಿ ಅಂದರು." ಅವರು ಗಂಡನ ಹಣೆಯ ಮೇಲಿನ ಗಂಧ ಸರಿಮಾಡಿದರು. "ನೀರು ಬಿಡಿ. ಹಿಂದೆ ಜನ ಕಾಯ್ತಾ ಇದ್ದಾರೆ."

*

ನೆನಪಾಗದೆ ಇರಲಿಲ್ಲ. ಚಟ್ಟದ ಹಿಂದೆ ನೇತ್ರಾವತಿಯ ಕಡೆ ನಡೆಯುವಾಗ ಬೇಡ ಬೇಡವೆಂದರೂ ನೆನಪಾಯಿತು.

ಆಳ್ವರು ಎದುರು ಕೂತು ಒಂದೆರಡು ವಾರವಾಗಿರಬೇಕು. ಆಟ ಮುಗಿದು ಇಬ್ಬರೂ ಮಾಳಿಗೆಯ ಮೆಟ್ಟಿಲಿನ ತುದಿಯಲ್ಲಿ ನಿಂತಿದ್ದರು. ಹೆಗ್ಡೆಯವರು ಕೆಳಗಿನ ಸೋಡಾದವನಿಗೆ, ಶರಬತ್ತಿಗೆ ಲಿಂಬೆ ಹಿಂಡಿದ್ದೋ ಬರೀ ತೋರಿಸಿದ್ದೋ ಎಂದು ಜೋರು ಮಾಡುತ್ತಿದ್ದರು. ಪಕ್ಕದಲ್ಲಿ ಆಳ್ವರು ಕೊಡೆ ಹಿಡಿದು, ಸರಿಯಾದ ಹೊತ್ತು ಕಾದು, ಪತ್ರ ಓದುವ ಅದೇ ನಿಧಾನದ ದನಿಯಲ್ಲಿ ಶುರುಮಾಡಿದರು.

"ಹೆಗ್ಡೆರೇ, ಒಂದು ವಿಷಯ. ನಿಮ್ಮ ಕೂಗು ಕೈಯಲ್ಲಿರುವ ಎಲೆಗಿಂತ ಸ್ವಲ್ಪ ದೊಡ್ಡದು. ಮೂರು ಪಾಯಿಂಟು ಕಡಿಮೆ ಅಂತ ನಾನು ಹಿಡ್ಕೊಳ್ತೇನೆ. ಎದುರಿನವರಿಗೂ ಹಾಗೆಯೇ ಹೇಳ್ತೇನೆ, ಹೇಳದಿದ್ದರೆ ತಪ್ಪಾಗ್ತದೆ. ಆಗಬಹುದಾ?"

ಹೆಗ್ಡೆಯವರು ತಿರುಗಿಯೂ ನೋಡಿರಲಿಲ್ಲ. ಪುಕ್ಕಲನ ಪಿಸುಗುಟ್ಟುವಿಕೆ ಎಂದು ಕೈ ಬೀಸಿ, "ಆಗಬಹುದು, ಆಗಬಹುದು, ನಿನಗೆ ಬೇಕಾದ ಹಾಗೆ ಹಿಡ್ಕೋ ಮಾರಾಯ," ಎಂದಿದ್ದರು. ಎಂದು, ಮತ್ತೆ ಲಿಂಬೆಯ ವಿಚಾರಕ್ಕೆ ಹೋಗಿದ್ದರು. ಆಳ್ವರು ಇನ್ನೊಮ್ಮೆ ಕೇಳಿದರು, ಸರಿಯಾಗಿ ಕೇಳಿಸಿತಲ್ಲ ಎಂದು. ಕೇಳಿಸಿತು ಎಂದು ಹೆಗ್ಡೆಯವರು ಗದರಿದ್ದರು.

*

ಫೆಬ್ರವರಿಯ ಹೊಳೆ. ನೀರು ನಡುವಿಗೆ ಸರಿದು ದಡದುದ್ದಕ್ಕೂ ಮರಳು. ಬದ್ರುದ್ದೀನ್ ಸಾಹೇಬರ ಸೌದೆ ಚೆನ್ನಾಗಿ ಒಣಗಿದ ಸೌದೆಯಾದ್ದರಿಂದ ಚಿತೆ ಬೇಗ ಹತ್ತಿಕೊಂಡಿತು. ಅಳಿಯ ಸುತ್ತು ಬಂದು ಬೆಂಕಿ ಇಟ್ಟ. ನರಪೇತಲ ಶರೀರ, ಉರಿಯಲು ಹೆಚ್ಚು ಹೊತ್ತೂ ಬೇಕಾಗಲಿಲ್ಲ. ಜನ ಅಲ್ಲಲ್ಲಿ ನಿಂತು ಉತ್ತರಕ್ರಿಯೆಯ ಬೊಜ್ಜಕ್ಕೆ ದಿನ ಯಾವುದು, ಊಟಕ್ಕೆ ಎಷ್ಟು ಜನ ಆಗಬಹುದು ಎಂದು ಮೆಲ್ಲಗೆ ಮಾತಾಡಿಕೊಂಡರು. ಹೆಗ್ಡೆಯವರ ಹತ್ತಿರ ಯಾರೂ ಬರಲಿಲ್ಲ. ಅವರೂ ಯಾರ ಹತ್ತಿರ ಹೋಗಲಿಲ್ಲ. ಸತ್ತವನ ಮೇಲೆ ಸಿಟ್ಟು ಮಾಡಲು ಅವರು ಬಹಳ ಪ್ರಯತ್ನಪಟ್ಟರು. ಮೋಸ ಮಾಡಿದ ಎನ್ನಲು ಹೋದರೆ ಹೇಳಿಯೇ ಮಾಡಿದ್ದ. ಹೆದರಿಕೆ ಎನ್ನಲು ಹೋದರೆ, ಹನ್ನೆರಡು ವರ್ಷ ತನ್ನ ಬೈಗುಳದ ಎದುರು ಕೂತವನು ಅವನೊಬ್ಬನೇ. ಬಯ್ಯಲು ಒಂದು ಪದವೂ ಹೊಂದಿಬರಲಿಲ್ಲ. ಇದು ಅವರಿಗೆ ಬಹಳ ಕಷ್ಟವಾಯಿತು.

ಉರಿ ತಗ್ಗಿದ ಮೇಲೆ ಎಲ್ಲರೂ ಮುಳುಗು ಹಾಕಲು ಹೊಳೆಗೆ ಇಳಿದರು. ಹೆಗ್ಡೆಯವರು ಮಂಡಿಯುದ್ದದ ನೀರಿನಲ್ಲಿ ಮೂರು ಸಲ ಮುಳುಗಿ ಎದ್ದು ಮುಖದ ನೀರು ಒರೆಸಿಕೊಂಡಾಗ, ಸ್ವಲ್ಪ ಮೇಲುಗಡೆ ಒಂದು ಬಂಡೆಯ ಮರೆಯಲ್ಲಿ ಡಾಕ್ಟರ್ ಚನಿಯಪ್ಪ ಒದ್ದೆ ಬಟ್ಟೆಯಲ್ಲಿ ನಿಂತದ್ದು ಕಂಡಿತು. ಅವರ ಪಕ್ಕದಲ್ಲಿ ಬಲ್ಲಾಳರು. ಬಲ್ಲಾಳರು ಡಾಕ್ಟರರ ಕಿವಿಯ ಹತ್ತಿರ ಬಗ್ಗಿ, ತಪ್ಪಾಗಬಾರದೆಂಬ ಕಾಳಜಿಯಲ್ಲಿ, ಒಂದೊಂದೇ ಮಾತು ಬಿಡಿಸಿ ಹೇಳುತ್ತಿದ್ದರು. ನೀರಿನ ಸದ್ದಿನಲ್ಲಿ ಏನೂ ಕೇಳಿಸುತ್ತಿರಲಿಲ್ಲ.

ನನಗೆ ಜೋಡಿ ಬೇಡ, ಹೆಸರು ತೆಗೆಯಿರಿ ಎಂದು ಇಲ್ಲಿಂದಲೇ ಕೂಗಿಬಿಡಬೇಕೆಂದು ಹೆಗ್ಡೆಯವರಿಗೆ ಅನ್ನಿಸಿತು. ಕೂಗಿದರೆ ಸಂಜೆಯ ಬಸ್ಸು, ಬೆಳ್ತಂಗಡಿ, ಆರಾಮ ಕುರ್ಚಿ. ಬಾಯಿ ತೆರೆದವರು ಮುಚ್ಚಿಕೊಂಡರು. ಪಂಚೆಯ ಅಂಚು ಹಿಂಡುತ್ತ, ಡಾಕ್ಟರು ಏನು ಹೇಳುತ್ತಾರೋ ಎಂದು ಕಾದು ನಿಂತರು.

ಬಲ್ಲಾಳರು ತಮ್ಮ ಒದ್ದೆ ಅಂಗೈಯನ್ನು ಡಾಕ್ಟರರ ಮುಂದೆ ಅಗಲಿಸಿ ಹಿಡಿದರು. ಒಂದೊಂದಾಗಿ ಮೂರು ಬೆರಳು ಮಡಚಿದರು. ಡಾಕ್ಟರು ಉಳಿದ ಎರಡು ಬೆರಳನ್ನು ಸ್ವಲ್ಪ ಹೊತ್ತು ನೋಡಿ, ತಿರುಗಿ ಹೆಗ್ಡೆಯವರನ್ನು ನೋಡಿ, ಆಗಬಹುದು ಎಂದು ತಲೆಯಾಡಿಸಿದರು.